ಗಾಳಿ ಪಿಸ್ತೂಲು

ಹಂಗಳದ ಗುರುಸಿದ್ದಯ್ಯ ಪರೀಕ್ಷೆ ಮಾಡದೆ ಏನನ್ನೂ ಕೊಂಡವನಲ್ಲ. ಬದನೆಕಾಯಿ ಕೊಂಡರೂ ಅದು ಹುಟ್ಟಿದ ಊರು ಕೇಳುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ತೆರಕಣಾಂಬಿ ಸಂತೆಯಲ್ಲಿ ಎತ್ತು ಕೊಳ್ಳುವ ದಿನ ಬಂತೆಂದರೆ ಅದೇ ಜನ ಅವನ ಬಾಲ ಹಿಡಿದು ಓಡಾಡುತ್ತಿದ್ದರು. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ, ಬೆನ್ನಿನ ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ, ಕೊನೆಗೆ ಅದರ ಕಿವಿಯ ಹತ್ತಿರ ಬಾಗಿ ಜೋರಾಗಿ ಕೆಮ್ಮುತ್ತಿದ್ದ. ಕೆಮ್ಮಿಗೆ ಬೆದರುವ ಎತ್ತು ಕಾಡಂಚಿನ ಊರಿಗೆ ಆಗಿಬರುವುದಿಲ್ಲ ಎಂಬುದು ಅವನ ಸಿದ್ಧಾಂತ. ಹೆಣ್ಣು ನೋಡಲು ಕುದೇರಿಗೆ ಹೋದಾಗಲೂ ಹೀಗೇ ಕೆಮ್ಮಿದನಂತೆ. ಶಾಂತಮಲ್ಲಮ್ಮ ಬೆದರಲಿಲ್ಲ. ಒಳಗೆ ಹೋಗಿ ಒಂದು ಲೋಟ ಜೀರಿಗೆ ಕಷಾಯ ಕಾಯಿಸಿ ತಂದು ಅವನ ಮುಂದಿಟ್ಟಳು. ಅಲ್ಲಿಗೆ ಮದುವೆ ಗೊತ್ತಾಯಿತು.

ಇಂಥವನ ಮನೆಗೆ ಯಾವ ಪರೀಕ್ಷೆಗೂ ಸಿಕ್ಕದ ಸಂಗತಿಯೊಂದು ಬಂದು ಸೇರಿಕೊಂಡಿತು.

ಅವರಿಗೆ ಇದ್ದವನು ಒಬ್ಬನೇ ಮಗ, ಗಿರೀಶ. ಬೇಗೂರಿನ ಗಿರಣಿಯಲ್ಲಿ ಕೆಲಸಕ್ಕೆ ಹೋಗಿ ಬಂದು, ಸಂಜೆ ಹೊಲದ ಕಡೆ ಒಂದು ಸುತ್ತು ಹಾಕುತ್ತಿದ್ದ. ಒಂದು ದಿನ ಹಾಗೆ ಹೋದವನು ಹೊಲದಿಂದ ಮನೆಗೆ ಬರುವ ಹಾದಿಯಲ್ಲಿ ಒಂಟಿ ಸಲಗದ ಕಾಲಿಗೆ ಸಿಕ್ಕಿ ಹೋಗಿಬಿಟ್ಟ. ಅವರ ಪದ್ಧತಿಯಂತೆ ಸ್ವಂತ ಹೊಲದ ಮೂಲೆಯಲ್ಲೇ ಕೂರಿಸಿ ಮಣ್ಣು ಮಾಡಿದರು, ಮೇಲೆ ಗದ್ದಿಗೆ ಕಟ್ಟಿಸಿದರು. ಲಿಂಗೈಕ್ಯನಾದವನಿಗೆ ಅಲೆದಾಟವಿಲ್ಲ ಎಂದು ಮಠದ ಸ್ವಾಮಿಗಳು ಹೇಳಿದರು. ಆಯಸ್ಸು ಮುಗಿಯದೆ ಹೋದ ಜೀವ ಗಾಳಿಯಾಗಿ ಅಲೆಯುತ್ತದೆ ಎಂದು ಊರು ಹೇಳಿತು. ಶಾಂತಮಲ್ಲಮ್ಮ ಇಬ್ಬರ ಮಾತಿಗೂ ತಲೆಯಾಡಿಸಿ ತನ್ನ ಕಿವಿಯನ್ನೇ ನಂಬಿದಳು. ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಲ್ಲಿ ಅವಳಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು.

"ಬಂದ," ಎಂದು ಎದ್ದು ಹೋಗಿ ಅವಳು ಹಿತ್ತಿಲ ಬಾಗಿಲ ಹತ್ತಿರ ತಟ್ಟೆ ಇಡುವಳು. ಯಾಕ್ ಮಗ ತಡ ಆಯ್ತು, ಚಳಿ ಅದೆ, ಟವಲ್ ಸುತ್ಕೋ ಬಾರ್ದಾ ಎಂದು ಮಾತಾಡುವಳು. ಗುರುಸಿದ್ದಯ್ಯ ಟಾರ್ಚ್ ಹಿಡಿದು ಹೋಗಿ ನೋಡುವನು. ಯಾರೂ ಇರುತ್ತಿರಲಿಲ್ಲ. ಮಣ್ಣಿನ ಮೇಲೆ ಹೆಜ್ಜೆಯ ಗುರುತೂ ಇರುತ್ತಿರಲಿಲ್ಲ. ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿದ್ದ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದೂ ಆಯಿತು. ಅವರು ಕೊಟ್ಟ ಮಾತ್ರೆ ನುಂಗಿ ಮಧ್ಯಾಹ್ನವೆಲ್ಲ ಕೊರಡಿನಂತೆ ಬಿದ್ದುಕೊಂಡಿದ್ದವಳು ಸಂಜೆಯ ಹೊತ್ತಿಗೆ ಸರಿಯಾಗಿ ಎದ್ದು ತಟ್ಟೆ ತೊಳೆದಳು.

ಆ ಒಂದು ಗಳಿಗೆ ಬಿಟ್ಟರೆ ಅವಳು ಮೊದಲಿನ ಶಾಂತಮಲ್ಲಮ್ಮನೇ. ಹಸು ಕರೆಯುವಳು, ಮುದ್ದೆ ತಿರುವುವಳು, ಗಂಡನನ್ನು ಗದರುವಳು. ನಿಜ ಹೇಳಬೇಕೆಂದರೆ ಆ ಗಳಿಗೆಗಾಗಿಯೇ ಅವಳು ದಿನದ ಉಳಿದ ಹೊತ್ತನ್ನು ದೂಡುತ್ತಿದ್ದಳು. ಮಗನದು ಎಂದು ಅವಳಿಗೆ ಉಳಿದಿದ್ದೇ ಆ ಹೆಜ್ಜೆ ಸದ್ದು. ಗುರುಸಿದ್ದಯ್ಯನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಅದು ಅವಳನ್ನು ಬಿಟ್ಟುಹೋಗಲಿ ಎಂದೇ ಬಯಸುತ್ತಿದ್ದ. ಸತ್ತವನ ಜೊತೆ ಹೆಂಡತಿ ಮಾತಾಡುವುದನ್ನು ಕೇಳಿಕೊಂಡು ತುತ್ತು ನುಂಗುವ ಕಷ್ಟ ಅನುಭವಿಸಿದವನಿಗೇ ಗೊತ್ತು.

ಆ ವರ್ಷ ಅವರೆ ಎದೆಯುದ್ದ ಬೆಳೆದಿತ್ತು. ಕಾಯಿಯ ಸೊನೆಯ ವಾಸನೆಗೆ ಕಾಡುಹಂದಿಗಳು ಹೊಲಕ್ಕೆ ಬೀಳತೊಡಗಿದವು. ತಮಟೆಗೆ ಅವು ಹೊಂದಿಕೊಂಡಿದ್ದವು, ಪಟಾಕಿಗೂ ಹೊಂದಿಕೊಂಡವು. ನಾಡ ಬಂದೂಕಿನ ಮಾತೇ ಇಲ್ಲ. ಕಾಡುಗಳ್ಳರನ್ನು ಹುಡುಕುವ ಪೊಲೀಸರು ಊರೂರು ಜಾಲಾಡುತ್ತಿದ್ದ ಕಾಲ ಅದು. ಮೇಲಾಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಪ್ರಾಣಿ ಕೊಲ್ಲುವುದು ಗುರುಸಿದ್ದಯ್ಯನಿಂದ ಆಗುವ ಕೆಲಸವಲ್ಲ. ಪಕ್ಕದ ಹೊಲದ ಮಾದಣ್ಣ ಒಂದು ಸುದ್ದಿ ತಂದ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ ಫಾರಿನ್ ಸಾಮಾನಿನ ಅಂಗಡಿ ಇಟ್ಟಿರುವ ಮಲಯಾಳಿ ಮೊಯ್ದು ಕಾಕನ ಅಳಿಯ ದುಬೈಯಿಂದ ಒಂದು ಆಟದ ಪಿಸ್ತೂಲು ತಂದಿದ್ದಾನೆ, ಕೊಲ್ಲುವುದಿಲ್ಲ, ಬಿದ್ದರೆ ಚುರುಕ್ ಎನ್ನುತ್ತದೆ, ಅಷ್ಟೆ. ಇಬ್ಬರೂ ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದರು.

ಮೊಯ್ದು ಕಾಕ ಅದನ್ನು ಬಿಸ್ಕತ್ತು ಡಬ್ಬಗಳ ಹಿಂದಿನಿಂದ ತೆಗೆದುಕೊಟ್ಟ. ಕಪ್ಪು ಪಿಸ್ತೂಲು, ನೋಡಿದರೆ ನಿಜವಾದದ್ದೇ ಅನ್ನಬೇಕು. ಗುರುಸಿದ್ದಯ್ಯ ಅಂಗೈಯಲ್ಲಿ ಕುಲುಕಿ ತೂಕ ನೋಡಿದ, ಮೂಸಿದ, ಹಿಡಿಯೊಳಗಿನ ಗುಂಡು ತುಂಬುವ ಮ್ಯಾಗಜಿನ್ ಎಳೆದು ಅದರ ಬುಡ ನೋಡಿದ, ಕೊನೆಗೆ ಒಂದು ಕಣ್ಣು ಮುಚ್ಚಿಕೊಂಡು ನಳಿಗೆಯೊಳಗೆ ಇಣುಕಿದ.

"ಪಡಚ್ಚೋನೇ! ಕಣ್ಣು ಓಗ್ತದೆ ಸಾಮಿ!" ಎಂದು ಮೊಯ್ದು ದೇವರನ್ನು ಕರೆಯುತ್ತ ಕಿತ್ತುಕೊಂಡ.

"ಅಲ್ಲು ನೋಡ್ದೆ ಎಂಗ್ ತಗೊಳ್ಳಾದು? ಇದು ಯಾತರಲ್ಲಿ ಓಡ್ತದೆ?"

"ಗ್ಯಾಸಲ್ಲಿ."

"ಗ್ಯಾಸ್ ಅಂದ್ರೆ? ಒಲೆ ಗ್ಯಾಸಾ, ಒಟ್ಟೆ ಗ್ಯಾಸಾ?"

"ಎರಡೂ ಅಲ್ಲ. ಈ ಡಬ್ಬಿಯೊಳಗೆ ಒತ್ತಿ ತುಂಬ್ಸಿರೋದು. ಬುಸ್ಸಂತ ಬರ್ತದಲ್ಲ, ಅದೇ ಗುಂಡು ತಳ್ಳೋದು."

"ಅಂಗಾರೆ ಗಾಳಿ ಅನ್ನು."

"ಹಾಂ, ಗಾಳಿ," ಎಂದ ಮೊಯ್ದು, ವ್ಯಾಪಾರ ಮುಗಿದರೆ ಸಾಕು ಎಂಬಂತೆ.

ಅಂಗಡಿಯ ಹಿಂದೆ ತಗಡಿನ ಡಬ್ಬ ನಿಲ್ಲಿಸಿ ಪರೀಕ್ಷೆ ನಡೆಯಿತು. ಡಬ್ಬಿಯನ್ನು ತಲೆಕೆಳಗು ಮಾಡಿ ಮ್ಯಾಗಜಿನ್ನಿನ ಬುಡಕ್ಕೆ ಒತ್ತಿ ಗ್ಯಾಸು ತುಂಬಿಸಬೇಕು. ಮೇಲಿನಿಂದ ಮೆಣಸಿನಕಾಳಿಗಿಂತ ಚೂರು ದಪ್ಪನೆಯ ಬಿಳಿ ಪ್ಲಾಸ್ಟಿಕ್ ಗುಂಡು ಇಳಿಸಬೇಕು. ಬೆರಳಡಿಯ ಕುದುರೆ ಎಳೆದರೆ ಫಟ್ ಎಂದು ಮೇಲಿನ ಭಾಗ ಹಿಂದಕ್ಕೆ ಜಿಗಿದು ಬರುತ್ತಿತ್ತು. ಡಬ್ಬಕ್ಕೆ ತೂತು ಬೀಳಲಿಲ್ಲ, ತಗ್ಗು ಬಿತ್ತು. ದೂರ ಹೋದಂತೆ ಗುಂಡು ಎಡಕ್ಕೆ ವಾಲುತ್ತದೆ ಎಂದು ಅವನು ಕಂಡುಕೊಂಡ. ಒಂದೇ ಸಮ ಹೊಡೆದರೆ ಮ್ಯಾಗಜಿನ್ ಮಂಜುಗಡ್ಡೆಯ ಹಾಗೆ ತಣ್ಣಗಾಗಿ, ಗುಂಡು ಕಾಲ ಬುಡದಲ್ಲೇ ಬೀಳುತ್ತದೆ ಎಂದೂ ಕಂಡುಕೊಂಡ. "ಇದಕ್ಕೆ ಚಳಿ ಅತ್ಕೊತದೆ ಕಣ್ಲಾ ಮಾದಣ್ಣ, ಕಂಕುಳಲ್ಲಿ ಇಟ್ಕೊಂಡು ಕಾವು ಕೊಡ್ಬೇಕು," ಎಂದ. ಕೊನೆಗೆ ಪಂಚೆಯ ಮೇಲೆ ತನ್ನ ತೊಡೆಗೇ ಒಂದು ಹೊಡೆದುಕೊಂಡು ಅಷ್ಟೆತ್ತರ ಹಾರಿದ. ಹಾರಿದ ಮೇಲೆ ಅವನಿಗೆ ಸಮಾಧಾನವಾಯಿತು. ಸಂತೆಯ ರೂಢಿಯಂತೆ ಟವಲು ಮುಚ್ಚಿ, ಅದರಡಿಯಲ್ಲಿ ಬೆರಳು ಒತ್ತಿ ಬೆಲೆ ಕೇಳಲು ಹೋದರೆ, ಆ ಬೆರಳ ಭಾಷೆ ತಿಳಿಯದ ಮೊಯ್ದು ಗಾಬರಿಯಿಂದ ಕೈ ಎಳೆದುಕೊಂಡ. ಮಾದಣ್ಣ ಬಿದ್ದು ಬಿದ್ದು ನಕ್ಕ. ಅಂತೂ ವ್ಯಾಪಾರ ಕುದುರಿತು.

"ರೋಡಲ್ಲಿ ತೋರ್ಸಬೇಡಿ ಸಾಮಿ. ಪೊಲೀಸ್ನೋರಿಗೆ ಆಟದ್ದು ಅಂತ ಗೊತ್ತಾಗಲ್ಲ," ಎಂದು ಮೊಯ್ದು ಎಚ್ಚರಿಸಿ ಕಳಿಸಿದ. ಪಿಸ್ತೂಲು ಪುರಿಯ ಚೀಲದೊಳಗೆ ಕೂತು ಹಂಗಳಕ್ಕೆ ಬಂತು.

ಪಿಸ್ತೂಲನ್ನು ಮುಚ್ಚಿಡಬಹುದು, ಮಾದಣ್ಣನ ಬಾಯನ್ನು ಮುಚ್ಚುವವರು ಯಾರು? ಸಂಜೆಯೊಳಗೆ ಗುರುಸಿದ್ದಯ್ಯ ಗಾಳಿ ಪಿಸ್ತೂಲು ತಂದಿದ್ದಾನೆ ಎಂದು ಊರು ತುಂಬ ಸುದ್ದಿ. ನಮ್ಮ ಕಡೆ ಗಾಳಿ ಎಂಬ ಮಾತನ್ನು ನೋಡಿಕೊಂಡು ಆಡಬೇಕು. ಬೀಸುವುದೂ ಗಾಳಿ, ಮೆಟ್ಟಿಕೊಳ್ಳುವುದೂ ಗಾಳಿ. ಮಗನ ಗಾಳಿ ಹೆಂಡತಿಯ ಬೆನ್ನು ಹತ್ತಿರುವ ಮನೆಗೆ ಗಾಳಿ ಪಿಸ್ತೂಲು ಬಂದರೆ ಊರು ಯಾವ ಅರ್ಥ ಹಿಡಿಯುತ್ತದೆ ಎಂದು ಬೇರೆ ಹೇಳಬೇಕೆ? ಮೊದಲು ಬಂದವಳು ಎದುರು ಮನೆಯ ಮುದುಕಿ ಪುಟ್ಟಸಿದ್ದಮ್ಮ.

"ಗುರುಸಿದ್ದಯ್ಯ, ಗಾಳಿಗೆ ಒಡಿಯೋ ಪಿಸ್ತೂಲು ತಂದಿದ್ದೀಯಂತಲ್ಲಪ್ಪ. ನಮ್ ಕೊಟ್ಟಿಗೆಗೂ ವಸಿ ಒಂದು ಈಡು ಆಕ್ಬುಡು. ನಮ್ಮತ್ತೆ ಸತ್ತು ಎಷ್ಟು ಕಾಲ ಆಯ್ತು, ಇವತ್ಗೂ ಎಮ್ಮೆ ಆಲು ಕರಿಯಾಕೆ ಬುಡಾಕಿಲ್ಲ ಮುಂಡೇದು."

ಗುರುಸಿದ್ದಯ್ಯನಿಗೆ ನಗು ತಡೆಯಲಾಗಲಿಲ್ಲ. ಮಗ ಹೋದ ಮೇಲೆ ಅವನು ಬಾಯ್ತುಂಬ ನಕ್ಕಿದ್ದು ಅದೇ ಮೊದಲು. "ಆಗ್ಲಿ ಬುಡಕ್ಕ, ಒಂದೇ ಈಡಿಗೆ ನಿಮ್ಮತ್ತೆ ಕೇರಳಕ್ಕೆ ಓಡೋಯ್ತಳೆ," ಎಂದ. ಒಳಗೆ ಮುದ್ದೆ ಕೋಲಿನ ಸದ್ದು ನಿಂತದ್ದು ಅವನ ಗಮನಕ್ಕೆ ಬರಲಿಲ್ಲ.

ಊಟಕ್ಕೆ ಬಡಿಸುವಾಗ ಶಾಂತಮಲ್ಲಮ್ಮ ಕೇಳಿದಳು, "ಯಾಕ್ ತಂದ್ರಿ ಅದ?"

"ಕಾಡಂದಿಗೆ ಕಣಮ್ಮಿ."

"ಅಂದಿಗೇನಾ?"

"ಇನ್ಯಾರಿಗೆ ಮತ್ತೆ?"

ಅವಳು ಸಾರು ಬಿಡುತ್ತ, "ಬಿದ್ರೆ ನೋವಾಯ್ತದಾ?" ಎಂದಳು.

"ನನ್ ತೊಡೆಗೇ ಒಡ್ಕೊಂಡು ನೋಡಿವ್ನಿ. ಜೀವಕ್ಕೇನಾಗಲ್ಲ. ಆದ್ರೆ ಒಂದ್ಸಲ ಬಿತ್ತು ಅಂದ್ರೆ ಮತ್ತೆ ಈ ಕಡೆ ತಲೆ ಆಕಲ್ಲ," ಎಂದ ಗುರುಸಿದ್ದಯ್ಯ, ತಂದ ಸಾಮಾನಿನ ಹೆಮ್ಮೆಯಲ್ಲಿ.

ಮಾರನೆಯ ಸಂಜೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿಯುತ್ತಿರುವಾಗಲೇ ಅವನು ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತ. ಮ್ಯಾಗಜಿನ್ ಕಂಕುಳಲ್ಲಿ ಕಾವಿಗೆ ಕೂತಿತ್ತು. ಕತ್ತಲು ಇನ್ನೂ ಪೂರ್ತಿ ಆಗಿರಲಿಲ್ಲ. ಗದ್ದಿಗೆ ಇರುವ ಮೂಲೆಯಲ್ಲಿ ಅವರೆ ಗಿಡ ಅಲುಗಿತು. ಹಂದಿಯೇ. ಮ್ಯಾಗಜಿನ್ ಸೇರಿಸಿ, ಎಡಕ್ಕೆ ವಾಲುವುದನ್ನು ನೆನೆದು ಚೂರು ಬಲಕ್ಕೆ ಗುರಿ ಹಿಡಿದು, ಫಟ್ ಫಟ್ ಎಂದು ಹೊಡೆದ. ಹಂದಿಯ ಗುಟುರು ಕೇಳಲಿಲ್ಲ. ಅಮ್ಮಾ ಎಂದು ನರಳಿದ ದನಿ ಕೇಳಿತು. ಅವನು ಬದುವಿನಿಂದ ಇಳಿದು ಆ ಕಡೆ ಓಡಿದ.

ಗಿಡಗಳ ನಡುವಿನಿಂದ ಶಾಂತಮಲ್ಲಮ್ಮ ಎದ್ದು ನಿಂತಳು. ಹೇಟೆ ಕೋಳಿ ರೆಕ್ಕೆ ಹರಡುವ ಹಾಗೆ ಎರಡು ಕೈಯಲ್ಲೂ ಸೆರಗು ಹರಡಿಕೊಂಡು ಗದ್ದಿಗೆಗೆ ಅಡ್ಡ ನಿಂತಿದ್ದಳು. ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಕೆಂಪಗೆ ಬುಗುಟೆ ಏಳುತ್ತಿತ್ತು.

"ನಂಗೆ ಬಿತ್ತು ಬುಡಿ. ಅವನಿಗೆ ಬೀಳ್ನಿಲ್ಲ," ಎಂದಳು.

ಗುರುಸಿದ್ದಯ್ಯನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ಕೈಯಲ್ಲಿದ್ದ ಪಿಸ್ತೂಲನ್ನು ಬೆನ್ನ ಹಿಂದಕ್ಕೆ ಸರಿಸಿದ. "ಅವನಿಗೆ ಅಂತ ಯಾರ್ ಏಳ್ದೋರೇ? ನಮ್ ಮಗನಿಗೆ ನಾನು ಒಡದೇನಾ?"

"ಗಾಳಿಗೆ ಅಂತ ಊರೇ ಆಡ್ತಾ ಅದೆ. ಪುಟ್ಟಸಿದ್ದಮ್ಮಂಗೆ ನೀವೇ ಅಂದ್ರಿ. ಮತ್ತೆ ಈ ಕಡೆ ತಲೆ ಆಕಲ್ಲ ಅಂತ ನಂಗೂ ಅಂದ್ರಿ." ಅವಳು ಸೆರಗು ಇಳಿಸಲೇ ಇಲ್ಲ. "ನಿಮ್ ಕಾಲು ಇಡ್ಕೊತೀನಿ. ಅವನು ಬಂದು ಏನ್ ಕೇಳ್ತಾನೆ? ಒಂದು ಗಳಿಗೆ ನಿಂತ್ಕೊಂಡು ಓಯ್ತಾನೆ. ಇಕ್ಕಿದ್ದು ಉಣ್ಣಾದೂ ಇಲ್ಲ. ನಿಮಗೇನ್ ಮಾಡವ್ನೆ ಅವನು?"

ಅವನು ಅಳತೊಡಗಿದ. ಮಗನನ್ನು ಮಣ್ಣಿಗೆ ಇಳಿಸಿದ ದಿನವೂ ಹೀಗೆ ಅತ್ತಿರಲಿಲ್ಲ. ಅವಳಿಗೆ ಹೇಗೆ ಹೇಳಿದರೆ ನಂಬಿಕೆ ಬಂದೀತು? ಬಾಯಿ ಮಾತಿಗಿಂತ ಕಣ್ಣಿಗೆ ತೋರಿಸುವುದೇ ವಾಸಿ ಎನಿಸಿತು, ಅದು ಅವನ ಹುಟ್ಟುಗುಣ. ಮ್ಯಾಗಜಿನ್ ಕಿತ್ತು, ಬೇಲಿಯ ಜಾಲಿ ಮುಳ್ಳೊಂದನ್ನು ಮುರಿದು ಅದರ ಬುಡದ ತೂತಿಗೆ ಚುಚ್ಚಿದ. ಬುಸ್ ಎಂದು ಬಿಳಿಯ ಹಬೆ ಎದ್ದಿತು.

"ನೋಡು, ಇಲ್ನೋಡಮ್ಮಿ. ಬರೀ ಗಾಳಿ. ಇನ್ನೇನೂ ಇಲ್ಲ. ಓಯ್ತು ನೋಡು, ಗಾಳಿ ಪೂರಾ ಓಯ್ತು. ಇನ್ ಬರಾಕಿಲ್ಲ."

ಹಬೆ ಗದ್ದಿಗೆಯ ಮೇಲೆ ಹರಿದು, ಮಂಜಿನೊಳಗೆ ಸೇರಿ ಕಾಣದಾಯಿತು. ಶಾಂತಮಲ್ಲಮ್ಮ ಅದು ಹೋದ ದಾರಿಯನ್ನೇ ನೋಡಿದಳು. ಅವಳ ಕೈಯಿಂದ ಸೆರಗು ಜಾರಿತು.

"ಓಯ್ತಾ?" ಎಂದಳು.

"ಓಯ್ತು," ಎಂದ. ಎಂದಾದ ಮೇಲೆ, ಅವಳ ಮುಖ ನೋಡಿದ ಮೇಲೆ, ತಾನು ಏನು ಹೇಳಿದೆ ಎಂಬುದು ಅವನಿಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಅವಳು ಮನೆಯ ಕಡೆ ನಡೆಯುತ್ತಿದ್ದಳು.

ಆ ಸಂಜೆ ಅವಳು ಹಿತ್ತಿಲ ಬಾಗಿಲಿಗೆ ತಟ್ಟೆ ಇಡಲಿಲ್ಲ. ಮಾರನೆಯ ಸಂಜೆಯೂ ಇಡಲಿಲ್ಲ. ಶಾಂತಮಲ್ಲಮ್ಮನಿಗೆ ವಾಸಿಯಾಯಿತು ಎಂದು ಊರು ಸಂಭ್ರಮಪಟ್ಟಿತು. ಮಾದಣ್ಣನಂತೂ ಪಿಸ್ತೂಲು ತಾನೇ ಕೊಡಿಸಿದ್ದು ಎಂದು ಮೀಸೆ ತಿರುವಿದ. ಬೇಗೂರಿನಿಂದಲೂ ಒಬ್ಬರು ಸೊಸೆಗೆ ಗಾಳಿ ಬಿಡಿಸಲು ಅದನ್ನು ಕೇಳಿಕೊಂಡು ಬಂದರು. ಗುರುಸಿದ್ದಯ್ಯ ಅವರನ್ನು ಬೈದು ಕಳಿಸಿ, ಪಿಸ್ತೂಲನ್ನು ಒಯ್ದು ಹಾಳು ಬಾವಿಗೆ ಎಸೆದ. ಅವರೆಯಲ್ಲಿ ಹಂದಿ ಬಿಟ್ಟದ್ದಷ್ಟೇ ಮನೆಗೆ ಬಂತು.

"ಅವತ್ತು ನಾನಂದಿದ್ದು ಆ ಗಾಳಿ ಅಲ್ಲ ಕಣಮ್ಮಿ," ಎಂದು ಒಮ್ಮೆ ಹೇಳಿ ನೋಡಿದ.

"ಗೊತ್ತು ಬುಡಿ," ಎಂದು ಅವಳು ಸೊಪ್ಪು ಸೋಸುತ್ತಲೇ ಇದ್ದಳು. ಗಂಡನನ್ನು ಗದರುವುದನ್ನೂ ಅವಳು ನಿಲ್ಲಿಸಿದ್ದಳು. ಅವನು ಬಯಸಿದ್ದೇ ಆಗಿತ್ತು, ಆದದ್ದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಶಿವರಾತ್ರಿ ಕಳೆದು ಚಳಿ ಬಿಟ್ಟಿತ್ತು. ಒಂದು ಸಂಜೆ ಶಾಂತಮಲ್ಲಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಗುರುಸಿದ್ದಯ್ಯ ಗೋಡೆಗೆ ಒರಗಿ ಕೂತಿದ್ದ. ಆಗ ಹಿತ್ತಿಲಲ್ಲಿ ಹೆಜ್ಜೆ ಸದ್ದು ಕೇಳಿತು. ಮೊದಲು ದೂರ, ಆಮೇಲೆ ಬಾಗಿಲಿಗೆ ಹತ್ತಿರ. ದಣಿದು ಬಂದವನು ಎಳೆದು ಹಾಕುವ ಹೆಜ್ಜೆ. ಹೆತ್ತವನಿಗೆ ಅದು ಯಾರದೆಂದು ಪರೀಕ್ಷೆ ಮಾಡಬೇಕಾಗಿರಲಿಲ್ಲ.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಮೊರದಿಂದ ಕಲ್ಲು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಏನಾರ ಕೇಳುಸ್ತಾ ಶಾಂತ?"

"ಏನು?"

ಮಗ ಬಂದಿದ್ದಾನೆ, ನಿನಗೆ ಕೇಳಿಸುತ್ತಿಲ್ಲ ಎಂದು ಅವಳಿಗೆ ಹೇಳುವ ಎದೆ ಅವನಿಗೆ ಇರಲಿಲ್ಲ.

"ಏನಿಲ್ಲ. ನಾಯಿ ಇರ್ಬೇಕು ಕಣಮ್ಮಿ."

"ನಾಯಿ ಆದ್ರೆ ಓಡ್ಸಿ ಬನ್ನಿ. ಆಲಿನ್ ತಪ್ಲೆ ಒರ್ಗಡೇನೇ ಅದೆ," ಎಂದಳು ಶಾಂತಮಲ್ಲಮ್ಮ.

ಅವನು ಎದ್ದು ಹೋಗಿ ಹಿತ್ತಿಲ ಬಾಗಿಲು ತೆರೆದು ನಿಂತ. ಹೆಜ್ಜೆ ಸದ್ದು ನಿಂತಿತು. ಓಡಿಸುವ ಮಾತೊಂದೂ ಅವನ ಬಾಯಿಗೆ ಬರಲಿಲ್ಲ.

"ಓಡ್ಸಿದ್ರಾ?" ಎಂದು ಅವಳು ಒಳಗಿನಿಂದ ಕೇಳಿದಳು.

"ಊಂ," ಎಂದು ಗುರುಸಿದ್ದಯ್ಯ ಅಲ್ಲೇ ಹೊಸ್ತಿಲ ಮೇಲೆ ಕೂತುಕೊಂಡ.