ಅತ್ತೆಯ ಬ್ರೇಕು

ನಮ್ಮತ್ತೆಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಆದರೆ ಬ್ರೇಕು ಮಾತ್ರ ಮಾವನಿಗಿಂತ ಮೊದಲು ಅವರೇ ಹಾಕುತ್ತಿದ್ದರು. ಜೀಪಿನಲ್ಲಿ ಮಾವನ ಎಡಕ್ಕೆ ಕುಳಿತಿರುವರು. ಎದುರಿಗೊಂದು ಎಮ್ಮೆ ಬಂದರೂ ಸಾಕು, ಬಲಗಾಲಿನಿಂದ ನೆಲವನ್ನು ಗಟ್ಟಿಯಾಗಿ ಒತ್ತಿಬಿಡುವರು. ಅಲ್ಲಿ ಹಾಸಿದ್ದ ರಬ್ಬರು ಸವೆದು ತೂತು ಬಿದ್ದಿತ್ತು.

"ಅದೇನ ಒತ್ತತಿ? ಅಲ್ಲೇನ ಐತಿ?" ಎಂದು ಮಾವ ಕೆಣಕುವರು.

"ನಿಮ್ಮ ಬ್ರೇಕಿಗೆ ನಂದೂ ಒಂದೀಟು ಜೋಡಿ ಇರ್ಲಿ ಬಿಡ್ರಿ."

ಉಗಾರ ಬುದ್ರುಕದ ನಮ್ಮ ಮನೆಯಲ್ಲಿ ದನಿ ಏರಿಸದೆ ಮಾತಾಡುತ್ತಿದ್ದವರು ಅವರೊಬ್ಬರೇ. ಉಳಿದ ನಾವೆಲ್ಲ ಹೊಳೆಯ ಆಚೆ ದಂಡೆಯವರನ್ನು ಕರೆದಂತೆ ಮಾತಾಡುವವರು.

ಮಾವನಿಗೆ ಎಪ್ಪತ್ತು ದಾಟಿತ್ತು. ಒಂದು ಸಂಜೆ ಇಬ್ಬರೂ ಕುಡಚಿಯಿಂದ ಬರುವಾಗ, ರಸ್ತೆ ಬದಿಗೆ ದೀಪವಿಲ್ಲದೆ ನಿಂತಿದ್ದ ಮೇವಿನ ಟ್ರೇಲರ್ ಮಾವನಿಗೆ ಕಾಣಲೇ ಇಲ್ಲ. ಅತ್ತೆ ಚೀರಿದ್ದರಿಂದ ಗೇಣಿನಷ್ಟರಲ್ಲಿ ಪಾರಾದರು. ನನ್ನ ಗಂಡ, "ಅಪ್ಪಾ, ನಿನಗ ಕಣ್ಣ ಕಾಣಂಗಿಲ್ಲ, ಇನ್ನ ಗಾಡಿ ಮುಟ್ಟಬ್ಯಾಡ!" ಎಂದು ಕೂಗಾಡಿ ಕೀಲಿ ಬಚ್ಚಿಟ್ಟರು. ಮಾವ ಊಟ ಬಿಟ್ಟರು.

ಮರುದಿನ ಅತ್ತೆ ಆ ಕೀಲಿಯನ್ನು ಹುಡುಕಿ ಮಾವನ ತಾಟಿನ ಪಕ್ಕ ಇಟ್ಟರು. ನನಗೆ ಸಿಟ್ಟೇ ಬಂತು.

"ಮತ್ತ್ಯಾಕ ಕೊಟ್ರಿ ಅತ್ತಿ?"

"ಕಸಗೊಂಡ್ರ ಹಟಕ್ಕ ಬಿದ್ದ ಹೊಡೀತಾರವ್ವಾ. ಅವರಾಗೇ ಕೊಡಬೇಕು."

ಮಾವ ಉಂಡು ಕೈತೊಳೆದ ಮೇಲೆ, ಅತ್ತೆ ಅಡಿಕೆ ಕತ್ತರಿಸುತ್ತ ಹೇಳಿದರು: "ನಿಮ್ಮ ಕೈಗೆ ಹೆಸರಿಡಂಗಿಲ್ರಿ. ಆದ್ರ ಹೊತ್ತ ಮುಣಗಿದ ಮ್ಯಾಲೆ ನಿಮ್ಮ ಬಾಜೂಕ ಕುಂಡ್ರಾಕ ನನಗ ಅಂಜಿಕಿ ಬರಾಕತ್ತೈತಿ. ನಿಮ್ಮನ್ನ ಬಿಟ್ಟ ಹೋಗಾಕೂ ಮನಸ್ಸಿಲ್ಲ. ನಾ ಏನ ಮಾಡ್ಲಿ, ನೀವ ಹೇಳ್ರಿ."

ಮಾವ ಕೀಲಿಯನ್ನು ಮುಟ್ಟದೆ ಎದ್ದುಹೋದರು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆ ಮುಗಿದ ಮೇಲೆ ಕುಡಗೋಲು, ಕೊಡಲಿಗಳನ್ನು ಅವುಗಳಿಂದ ದುಡಿಯುವವರಿಗೆ ಮನೆಯ ಹಿರಿಯರೇ ಎತ್ತಿ ಕೊಡುವುದು ನಮ್ಮಲ್ಲಿ ವಾಡಿಕೆ. ಜೀಪಿನ ಕೀಲಿ ಪ್ರತಿ ವರ್ಷ ಮಾವನ ಕಿಸೆಗೇ ಹೋಗುತ್ತಿತ್ತು. ಆ ವರ್ಷ ಅವರು ಕುಂಕುಮ ಹಚ್ಚಿದ ಕೀಲಿ ಹಿಡಿದು ನಿಂತೇ ಇದ್ದರು. ನನ್ನ ಗಂಡ ಕೈಚಾಚಿದರು.

"ಚೀರ್ಯಾಡವರ ಕೈಯಾಗ ಗಾಡಿ ಕೊಡಬಾರದು," ಎಂದ ಮಾವ, ತವರಿನಲ್ಲೇ ಗಾಡಿ ಕಲಿತು ಬಂದಿದ್ದ ನನ್ನ ಕೈಗೆ ಅದನ್ನಿಟ್ಟರು. ನನಗೆ ಅಳು ಬಂತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನ ನಾವಿಬ್ಬರೂ ಹಿಂದ ಕುಂಡ್ರೂಣ್ರಿ, ರಾಜಾ ರಾಣಿ ಕುಂತಂಗ," ಎಂದರು. ಹಾಗೆಯೇ ಕುಳಿತು ಊರೆಲ್ಲ ತಿರುಗಿದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಜ್ವರ ಬಂದದ್ದೇ ನೆಪ. ಈಗ ಮಾವ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂರಲು ಒಲ್ಲರು. ಮುಂದೆ, ಅತ್ತೆಯ ಹಳೆಯ ಜಾಗದಲ್ಲಿ ಕೂರುತ್ತಾರೆ. ಮೊನ್ನೆ ರಾಯಬಾಗಕ್ಕೆ ಹೊರಟಾಗ ಆಡೊಂದು ಅಡ್ಡ ಬಂತು. ನಾನು ಬ್ರೇಕು ಹಾಕುವ ಮೊದಲೇ ಪಕ್ಕದಲ್ಲಿ ಧಪ್ ಎಂದಿತು. ನೋಡಿದರೆ, ಮಾವನ ಬಲಗಾಲು ಆ ತೂತಿನ ಮೇಲಿತ್ತು.