ಕೊಲೆಗಾರ ಯಾರೆಂದು ನನಗೆ ಗೊತ್ತಾಗಿರಲಿಲ್ಲ

ಕಂಡಕ್ಟರ್ ನಾಗರತ್ನ ಬರೆದ ಕಾದಂಬರಿಯಲ್ಲಿ ಕೊಲೆ ಮಾಡಿದ್ದು ಯಾರೆಂದು ಕೊನೆಯ ಪುಟದವರೆಗೂ ನನಗೆ ಗೊತ್ತಾಗಿರಲಿಲ್ಲ. ಆಕೆ ಎದುರು ನಿಂತು ಕೇಳಿದಾಗ ಮಾತ್ರ, ಮೊದಲೇ ಗೊತ್ತಾಗಿತ್ತು ಎಂದುಬಿಟ್ಟೆ. ಅದು ಸುಳ್ಳು. ಆ ಸುಳ್ಳಿಗೂ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆ — ಅದು ಸುಳ್ಳಿಗಿಂತ ಕೀಳು. ಎರಡನ್ನೂ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ನನ್ನನ್ನು ಬಲ್ಲವರಿಗೆ ಪರಿಚಯ ಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಮಂಡ್ಯದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ನನ್ನದೊಂದು ಸಣ್ಣ ಪುಸ್ತಕದ ಅಂಗಡಿ ಇದೆ. ಪತ್ತೇದಾರಿ, ಥ್ರಿಲ್ಲರ್ ಕಾದಂಬರಿಗಳೇ ಅದರ ಜೀವಾಳ. ಹೊಸದಾಗಿ ಬಂದವನ್ನೆಲ್ಲ ಓದಿ, ಯಾವುದು ಓದಬಹುದು ಯಾವುದು ಬೇಡ ಎಂದು ಪ್ರತಿ ತಿಂಗಳೂ ಒಂದು ಪಟ್ಟಿ ಮಾಡಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಓದುಗರಿಗೆ ಕಳಿಸುತ್ತೇನೆ. ಮೊದಲು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ, ಈಗ ಮೊಬೈಲಿನಲ್ಲಿ. ಈ ತಿಂಗಳು ಪಟ್ಟಿಯ ಬದಲು ನಿಮಗೆ ಇದು.

ನನ್ನ ಕಸುಬಿಗೆ ಇರುವುದು ಒಂದೇ ಕಟ್ಟಳೆ. ಏನು ಬೇಕಾದರೂ ಹೊಗಳಿ, ಏನು ಬೇಕಾದರೂ ತೆಗಳಿ — ಕೊಲೆಗಾರ ಯಾರೆಂದು ಮಾತ್ರ ಬಾಯಿ ಬಿಡಬಾರದು. ಮೂವತ್ತು ವರ್ಷ ನಾನದನ್ನು ಕಾಪಾಡಿಕೊಂಡು ಬಂದೆ. ಕೊನೆಯ ಪುಟ ಮೊದಲು ಓದುವ ಮಹಾನುಭಾವರು ಕೂಡ ನನ್ನೆದುರು ಪುಸ್ತಕದ ಹಿಂಬದಿ ತೆರೆಯಲು ನಾಚುತ್ತಿದ್ದರು. ಇದರ ಜೊತೆಗೆ ನನಗೊಂದು ಜಂಬವೂ ಇತ್ತು. ಯಾವ ಕಾದಂಬರಿಯಾದರೂ ಸರಿ, ಐವತ್ತನೇ ಪುಟ ದಾಟುವಷ್ಟರಲ್ಲಿ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದೆ. ಗಿರಾಕಿಗಳು ಅದನ್ನೊಂದು ವಿದ್ಯೆ ಎಂಬಂತೆ ಆಡಿಕೊಳ್ಳುತ್ತಿದ್ದರು. ಕೇಳಿ ಕೇಳಿ ನನಗೂ ಹಾಗೇ ಅನಿಸತೊಡಗಿತ್ತು.

ನಾಗರತ್ನ ಮದ್ದೂರು ತಾಲ್ಲೂಕಿನವರು, ಬೆಸಗರಹಳ್ಳಿ ಕಡೆ. ಮಳವಳ್ಳಿ–ಮಂಡ್ಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ಸು ಮಂಡ್ಯದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಉಳಿದವರು ಕಾಫಿಗೆ ಹೋದರೆ ಈಕೆ ಹೆಗಲ ಚೀಲ ಹಿಡಿದುಕೊಂಡು ನನ್ನ ಅಂಗಡಿಗೆ ಓಡಿಬರುತ್ತಿದ್ದರು.

“ಒಸದು ಏನಾರ ಬಂದದಾ ಸಾ? ಬ್ಯಾಗ ಕೊಡಿ, ಡ್ರೈವರಣ್ಣ ಆರನ್ ಒಡೀತಾವ್ನೆ.”

ಆ ದಿನಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಖಾಕಿ ಅಂಗಿಯ ತೋಳಿನಲ್ಲಿ ಬೆವರು ಒರೆಸಿಕೊಳ್ಳುತ್ತ, ಕೌಂಟರಿಗೆ ಒರಗಿ, ಹಿಂದಿನ ವಾರ ಒಯ್ದಿದ್ದನ್ನು ಹಿಗ್ಗಾಮುಗ್ಗಾ ಜಾಡಿಸುತ್ತಿದ್ದರು. “ಎಂಗ್ ಸಾ, ಬೀಗ ಆಕಿದ್ ರೂಮೊಳಿಕ್ಕೆ ಅವ್ನು ಎಂಗ್ ಬಂದ? ಲೇಖಕ್ರು ಮರ್ತೇ ಬುಟ್ಟವ್ರೆ ಕಣಿ!” ಎಂದು ನಗುವರು. ನಾನು ವಾದ ಮಾಡುವೆ. ಹೊರಗೆ ಹಾರ್ನ್ ಆಗುವುದು. ಅರ್ಧ ಮಾತಿನಲ್ಲೇ ಓಟ — ಉಳಿದರ್ಧ ಮರುದಿನಕ್ಕೆ. ನನ್ನ ಅಂಗಡಿಗೆ ಪ್ರೊಫೆಸರುಗಳೂ ಬಂದಿದ್ದಾರೆ. ಆದರೆ ನಾಳೆ ಇವರಿಗೆ ಏನು ಕೊಡಲಿ ಎಂದು ನಾನು ಹಿಂದಿನ ದಿನವೇ ಯೋಚಿಸುತ್ತಿದ್ದದ್ದು ಆಕೆಯೊಬ್ಬರಿಗೆ ಮಾತ್ರ.

ಒಂಬತ್ತು ವರ್ಷದ ಹಿಂದೆ ಒಂದು ದಿನ ಆಕೆ ಚೀಲದಿಂದ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟರು. ‘ಕೊನೆಯ ಸ್ಟೇಜು’ — ಬಸ್ಸಿನವರ ಮಾತಿನಲ್ಲಿ ಕೊನೆಯ ನಿಲ್ದಾಣ. ಲೇಖಕಿಯ ಜಾಗದಲ್ಲಿ ಆಕೆಯದೇ ಹೆಸರು. ಡ್ಯೂಟಿ ಮುಗಿಸಿ, ಮನೆಗೆಲಸ ಮುಗಿಸಿ, ಎರಡು ವರ್ಷ ಬರೆದು, ಮಂಡ್ಯದಲ್ಲೇ ಪ್ರಿಂಟ್ ಹಾಕಿಸಿದ್ದರು. ನನಗೊಂದು ಮಾತೂ ಹೇಳಿರಲಿಲ್ಲ. ಅರ್ಪಣೆಯ ಪುಟದಲ್ಲಿ ‘ನನಗೆ ಓದು ಹಚ್ಚಿದ ಅಂಗಡಿ ಸಾರ್‌ಗೆ’ ಎಂದಿತ್ತು.

“ಓದ್ಬುಟ್ಟು ಯೇಳಿ ಸಾ. ಎಂಗಿದ್ರೂವೆ ಯೇಳಿ” ಎಂದು ಹೇಳಿ ಓಡಿದರು.

ಬೆಳಗ್ಗೆ ಹತ್ತಕ್ಕೆ ಹಿಡಿದೆ. ಕಥೆ ಶುರುವಾಗುವುದೇ ಹೀಗೆ: ಡಿಪೋದಲ್ಲಿ ನಿಂತ ಬಸ್ಸಿನೊಳಗೆ ಒಬ್ಬ ಕಂಡಕ್ಟರ್ ಸತ್ತು ಬಿದ್ದಿದ್ದಾನೆ. ಆದರೆ ಅವನ ಟಿಕೆಟ್ ಮೆಷಿನ್ನಿನಲ್ಲಿ, ಅವನು ಸತ್ತು ಒಂದು ಗಂಟೆಯಾದ ಮೇಲೆ ಒಂದೇ ಒಂದು ಟಿಕೆಟ್ ಕೊಟ್ಟಿರುವುದು ದಾಖಲಾಗಿದೆ. ಕೊಟ್ಟವರಾರು, ತೆಗೆದುಕೊಂಡವರಾರು? — ಐವತ್ತನೇ ಪುಟ ಬಂತು, ನಾನು ಊಹಿಸಿದವನು ತಪ್ಪು. ನೂರು ದಾಟಿತು, ಮತ್ತೆ ತಪ್ಪು. ಊಟಕ್ಕೆ ಮನೆಗೆ ಹೋಗುವುದನ್ನೇ ಮರೆತೆ. ಗಿರಾಕಿಗಳಿಗೆ ಏನು ಕೊಟ್ಟೆನೋ ನೆನಪಿಲ್ಲ. ಕೊನೆಯ ಪುಟದಲ್ಲಿ ಆ ಹೆಸರು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಎಲ್ಲ ಸುಳಿವೂ ಕಣ್ಣೆದುರಿಗೇ ಇತ್ತು, ಒಂದೂ ನನಗೆ ಕಂಡಿರಲಿಲ್ಲ.

ಸಂತೋಷಪಡಬೇಕಿತ್ತು. ಪಟ್ಟೆ ಕೂಡ — ಎಷ್ಟು ಹೊತ್ತು? ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಇರಬಹುದು. ಆಮೇಲೆ ಒಳಗೆ ಏನೋ ಹೊಗೆಯಾಡಲು ಶುರುವಾಯಿತು.

ಕಾರಣ ಹೇಳುತ್ತೇನೆ, ನೆಪವಾಗಿ ಅಲ್ಲ. ಹದಿನೈದು ವರ್ಷದಿಂದ ನಾನೂ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎನ್ನುವುದೂ ದೊಡ್ಡ ಮಾತು. ಕೊಲೆ ಆಗಿತ್ತು, ಪೊಲೀಸರು ಬಂದಿದ್ದರು, ಅಲ್ಲಿಂದ ಮುಂದೆ ನನ್ನ ಕೈಲಿ ಆಗಿರಲಿಲ್ಲ. ಇಷ್ಟೆಲ್ಲ ಓದಿದ ನನಗೆ ಬಾರದ್ದು, ಬಸ್ಸಿನಲ್ಲಿ ಸೀಟಿ ಊದುವ ಹೆಂಗಸಿಗೆ — ಹೌದು, ಆಗ ನನ್ನ ಮನಸ್ಸಿಗೆ ಬಂದ ಮಾತು ಇದೇ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಇದೇ.

ಪುಸ್ತಕವನ್ನು ಆ ತಿಂಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕಿದೆ. ನಮ್ಮೂರಿನವರ ಹೊಸ ಕಾದಂಬರಿ, ತಪ್ಪದೆ ಓದಿ ಎಂದು ಬರೆದೆ. ಆಕೆಗೆ ಮಾತ್ರ ಚೆನ್ನಾಗಿದೆ ಎಂದಷ್ಟೇ ಹೇಳಿ ಮಾತು ಮುಗಿಸಿದೆ. ಅಂಗಡಿಗೆ ಬಂದವರಿಗೆಲ್ಲ ನನ್ನ ಕೈಯಾರೆ ಕೊಟ್ಟೆ. ಕೊಡುವಾಗ ದನಿ ತಗ್ಗಿಸಿ ಒಂದು ಮಾತು ಸೇರಿಸುತ್ತಿದ್ದೆ: “ಚೆನ್ನಾಗಿದೆ, ಓದಿ. ಇಂಥವರ ಮೇಲೆ ಮಾತ್ರ ಒಂದು ಕಣ್ಣಿರಲಿ.” ಯಾರ ಮೇಲೆ ಎಂದು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಓದದವರು ಇದ್ದೀರಿ. ಅಷ್ಟು ಸಾಕಾಗಿತ್ತು. ಅದು ಗುಟ್ಟು ಬಿಟ್ಟುಕೊಟ್ಟಂತೆ ಕೇಳಿಸುತ್ತಿರಲಿಲ್ಲ, ಓದುವ ಆಸೆ ಹುಟ್ಟಿಸುವ ಮಾತಿನಂತೆಯೇ ಇತ್ತು. ಯಾರೂ ನನ್ನನ್ನು ತಪ್ಪು ತಿಳಿಯಲಿಲ್ಲ. ನಾನೂ ನನಗೆ ಹಾಗೇ ಹೇಳಿಕೊಂಡೆ — ಗಿರಾಕಿಗೆ ಒಂದಿಷ್ಟು ಕುತೂಹಲ ಹುಟ್ಟಿಸುತ್ತಿದ್ದೇನೆ, ಅಷ್ಟೇ, ಎಂದು. ಬೇರೆ ಯಾವ ಪುಸ್ತಕಕ್ಕೂ ನಾನು ಹಾಗೆ ಮಾಡಿದವನಲ್ಲ.

ಓದಿದವರು ಒಬ್ಬೊಬ್ಬರೇ ಬಂದು ಹೇಳತೊಡಗಿದರು: ಬರವಣಿಗೆ ಪರವಾಗಿಲ್ಲ, ಕೊಲೆಗಾರ ಮಾತ್ರ ಮೊದಲೇ ಗೊತ್ತಾಗಿಬಿಡುತ್ತಾನೆ. ಅದೇ ಮಾತನ್ನು ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವಾಗ ನಾಗರತ್ನ ಅವರಿಗೂ ಹೇಳಿದರು. ನಮ್ಮ ಕಡೆಯವರಿಗೆ ಮುಖದ ಮೇಲೆ ಹೇಳುವುದೇ ಪ್ರೀತಿ. “ಅರ್ಧುಕ್ಕೇ ಗೊತ್ತಾಗೋಯ್ತು ಕಣಮ್ಮ” ಎಂದು ಎಷ್ಟು ಜನ ಎಷ್ಟು ಸಲ ಹೇಳಿದರೋ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾಗರತ್ನ ಬಂದರು. ಆ ದಿನ ಓಡಿಬರಲಿಲ್ಲ, ನಡೆದು ಬಂದರು. ಹೊಸದು ಬಂದಿದೆಯಾ ಎಂದು ಕೇಳಲಿಲ್ಲ.

“ಎಲ್ರುಗೂವೆ ಮೊದ್ಲೇ ಗೊತ್ತಾಗೋಯ್ತದಂತೆ ಸಾ. ಕತೆ ಮುಚ್ಚಿಡಕ್ಕೆ ನಂಗ್ ಬರಕಿಲ್ಲ ಅನ್ಸ್ತದೆ. ಇನ್ನೊಂದು ಬರೀತಾ ಇವ್ನಿ, ಮೂರು ನೋಟ್‌ಬುಕ್ ತುಂಬೋಗವೆ...” ನನ್ನನ್ನೇ ನೋಡಿ ಕೇಳಿದರು. “ನಿಮ್ಗೂವೆ ಗೊತ್ತಾಗೋಯ್ತಾ ಸಾ?”

ಒಂದು ಮಾತು ಸಾಕಾಗಿತ್ತು. ಇಲ್ಲ ಕಣಮ್ಮ, ನಾನು ಬೇಸ್ತುಬಿದ್ದೆ — ಇಷ್ಟೇ. ಬೇರೆ ಯಾರು ಏನೆಂದಿದ್ದರೂ ಆಕೆ ನನ್ನ ಮಾತನ್ನೇ ನಂಬುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ:

“ಹೂಂ... ಗೊತ್ತಾಯ್ತು. ಮೊದಲನೇದಲ್ವೇನಮ್ಮ, ಹಂಗೇ ಆಗುತ್ತೆ.”

ತಲೆಯಾಡಿಸಿದರು. ಚೀಲ ಸರಿಮಾಡಿಕೊಂಡು, “ಬತ್ತೀನಿ ಸಾ” ಎಂದು ಹೋದರು. ಆ ದಿನ ಹಾರ್ನ್ ಇನ್ನೂ ಆಗಿರಲಿಲ್ಲ. ಆಮೇಲೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಬೇರೆ ರೂಟಿಗೆ ಹಾಕಿರಬೇಕು ಎಂದು ನಾನು ಕೇಳಿದವರಿಗೆ ಹೇಳುತ್ತಿದ್ದೆ.

ಒಂಬತ್ತು ವರ್ಷ ಇದು ನನ್ನೊಳಗೆ ಸುಮ್ಮನೆ ಬಿದ್ದಿತ್ತು. ಹೋದ ತಿಂಗಳು ನನಗೆ ಜ್ವರ ಬಂದು, ಎರಡು ದಿನ ನನ್ನ ಹೆಂಡತಿ ಅಂಗಡಿ ನೋಡಿಕೊಂಡಳು. ಆಗ ಮದ್ದೂರಿನಿಂದ ರೈಲಿನಲ್ಲಿ ಓಡಾಡುವ ನರ್ಸ್ ಒಬ್ಬರು ‘ಕೊನೆಯ ಸ್ಟೇಜು’ ಕೊಂಡೊಯ್ದಿದ್ದರು. ಹೆಂಡತಿ ಪುಸ್ತಕ ಕೊಟ್ಟಳು, ಅಷ್ಟೇ. ಕಿವಿಯಲ್ಲಿ ಏನೂ ಹೇಳಲಿಲ್ಲ. ನಾನು ಅಂಗಡಿಗೆ ಮರಳಿದ ದಿನ ಆ ನರ್ಸ್ ಬಂದು ಕೌಂಟರಿನ ಮೇಲೆ ಕೈ ಬಡಿದರು.

“ಅಬ್ಬಬ್ಬಾ! ಕೊನೆವರೆಗೂ ಗೊತ್ತಾಗ್ಲೇ ಇಲ್ಲ ಸಾರ್. ಇವ್ರದು ಇನ್ನೊಂದು ಕೊಡಿ.”

“ಇನ್ನೊಂದು ಇಲ್ಲಮ್ಮ.”

“ಯಾಕೆ ಸಾರ್? ಇಷ್ಟು ಚೆನ್ನಾಗಿ ಬರೆಯೋರು ಯಾಕೆ ಬರೀಲಿಲ್ಲ?”

ಉತ್ತರ ಗೊತ್ತಿದ್ದದ್ದು ನನಗೊಬ್ಬನಿಗೇ.

ಮರುದಿನ ಮಳವಳ್ಳಿ ಬಸ್ಸು ಹತ್ತಿದೆ. ಮಂಡಿನೋವಿನಿಂದ ನಾಗರತ್ನ ಈಗ ಬಸ್ಸಿಗೆ ಹೋಗುವುದಿಲ್ಲ, ಮಳವಳ್ಳಿ ಡಿಪೋ ಕಚೇರಿಯಲ್ಲಿ ಕೂರುವ ಕೆಲಸ. ಕೂದಲು ಅರ್ಧ ನೆರೆತಿದೆ. ನನ್ನನ್ನು ನೋಡಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು. ಕಾಫಿಗೆ ಮುಂಚೆಯೇ ಹೇಳಿಬಿಟ್ಟೆ. ಕಿವಿಯಲ್ಲಿ ಹೇಳುತ್ತಿದ್ದ ಮಾತು, ಆ ಮಧ್ಯಾಹ್ನದ ಸುಳ್ಳು, ನನ್ನ ಹೊಟ್ಟೆಕಿಚ್ಚು — ಒಂದನ್ನೂ ಬಿಡದೆ.

ಆಮೇಲೆ ಆಕೆ ಕೇಳಿದ್ದು ಇದೊಂದನ್ನೇ.

“ನಿಜ್ವಾಗ್ಲೂ ನಿಮ್ಗೆ ಗೊತ್ತಾಗ್ನಿಲ್ವಾ ಸಾ?”

“ಇಲ್ಲ. ಕೊನೆ ಪುಟದವರೆಗೂ ಗೊತ್ತಾಗಲಿಲ್ಲ.”

ಆಕೆಯ ಮುಖ ಅರಳಿತು. ಒಂದೇ ಕ್ಷಣ, ಚೀಲ ಹಿಡಿದು ಓಡಿಬರುತ್ತಿದ್ದ ಆ ನಾಗರತ್ನ ನನ್ನೆದುರು ಕೂತಿದ್ದರು. ಅದನ್ನು ನೋಡಿದಾಗಲೇ ನಾನು ಕಿತ್ತುಕೊಂಡದ್ದು ಏನೆಂದು ನನಗೆ ಪೂರ್ತಿ ತಿಳಿದದ್ದು. ಆಮೇಲೆ ಕಣ್ಣು ತುಂಬಿಕೊಂಡಿತು.

“ಆ ಮೂರು ನೋಟ್‌ಬುಕ್‌ನೂ ನೀರೊಲೆಗೆ ಆಕ್ಬುಟ್ಟೆ ಸಾ” ಎಂದರು. “ಮುಗ್ದೇ ಓಗಿತ್ತು. ಕೊನೇ ಅಧ್ಯಾಯ ಒಂದು ಬಾಕಿ ಇತ್ತು.”

ನನಗೆ ತಡೆಯಲಾಗಲಿಲ್ಲ. ಅದೂ ಕೇಳಬಾರದ ಹೊತ್ತಿನಲ್ಲಿ ಕೇಳಿದೆ — ಅದರಲ್ಲಿ ಕೊಲೆ ಮಾಡಿದ್ದು ಯಾರು?

ನಾಗರತ್ನ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ.

“ಯಾರಿಗ್ ಬೇಕಾದ್ರೂ ಯೇಳೇನು ಸಾ. ನಿಮ್ಗೆ ಮಾತ್ರ ಯೇಳಕಿಲ್ಲ.”

ಹಾಗೆ ಹೇಳಿ ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದರು. ನಾನು ಕುಡಿದು ಎದ್ದು ಬಂದೆ.