ದುರುಗಪ್ಪನ ಜೋಡಿ ಪಾಲಾದದ್ದು

ಬೆಳಿಗ್ಗೆ ಬೆಳಿಗ್ಗೆಯೇ ಹೊನ್ನಾಳಿಯಿಂದ ಫೋನು ಬಂತು. ಅಡಿಕೆ ವ್ಯಾಪಾರ ಮಾಡುತ್ತಿದ್ದ ದಿವಂಗತ ಮುರುಗೇಶಪ್ಪನವರ ಹಿರಿಮಗ ಗುರುಬಸವರಾಜ್.

"ಮೇಸ್ತ್ರಿ, ನೀವು ಮಾಡಿದ ಸ್ಪೀಕರ್ ಕೆಟ್ಟೈತೆ ನೋಡ್ರಿ. ಅಪ್ಪಾಜಿ ಹಾಡಿದ ವಚನ ಹಾಕಿದ್ರೆ ಬರೀ ಅವ್ವನ ಹಾರ್ಮೋನಿಯಂ ಕೇಳ್ತೈತೆ. ಎಲ್ಲ ಮುಗಿದ ಮೇಲೆ ಅಪ್ಪಾಜಿ ಬಂದು 'ಹೆಂಗಿತ್ತು' ಅಂತಾರೆ. ಹಾಡೇ ಇಲ್ಲ, ಹೆಂಗಿತ್ತು ಅಂದ್ರೆ ಏನು ಹೇಳಾಕಾಗ್ತೈತ್ರೀ?"

ಸಂತೇಬೆನ್ನೂರಿನ ದುರುಗಪ್ಪ ಬಾಯಲ್ಲಿದ್ದ ಬೇವಿನಕಡ್ಡಿ ತೆಗೆದು, "ನಾನು ಮಾಡಿದ್ದು ಕೆಡಲ್ಲ, ನಿಮ್ಮ ಕಿವಿ ತೋರಿಸ್ಕೊಳ್ರಿ" ಎಂದು ಫೋನಿಟ್ಟ.

ಮಧ್ಯಾಹ್ನ ಉಣ್ಣಲು ಕೂತಾಗ ಕಿರಿಮಗ ಸತೀಶ್ ಕುಮಾರನ ಫೋನು. "ಮೇಸ್ತ್ರಿ, ಅಪ್ಪಾಜಿ ಹಾಡ್ತಾರೆ, ಹಾರ್ಮೋನಿಯಮ್ಮೇ ಇಲ್ಲ. ಹಾಡು ಮುಗಿದ ಮೇಲೆ ಎದ್ದು ಹೋದೋರು ವಾಪಸ್ಸೇ ಬರಲ್ಲ."

ದುರುಗಪ್ಪನ ಕೈಯ ಮುದ್ದೆ ಕೈಯಲ್ಲೇ ನಿಂತಿತು. "ತಮ್ಮಾ, ನಿಮ್ಮನೇಲಿ ಎಷ್ಟು ಪೆಟ್ಟಿಗೆ ಅದಾವೆ?"

"ಒಂದು. ಪಾಲಾದ್ವಲ್ಲ ರೀ? ಅಣ್ಣಂಗೊಂದು, ನಂಗೊಂದು."

ಅಯ್ಯೋ ಶಿವನೇ! ಎರಡು ಪೆಟ್ಟಿಗೆ, ಇಬ್ಬರು ಅಣ್ಣತಮ್ಮಂದಿರು, ಸಮಪಾಲು ಎಂದು ಪಂಚರು ತೀರ್ಮಾನ ಕೊಟ್ಟು, ಕಾಫಿ ಕುಡಿದು, ಎದ್ದು ಹೋಗಿದ್ದರು. ಎತ್ತಿನ ಜೋಡಿ ಒಡೆದರೆ ಉಳುಮೆಗೆ ಬರುವುದಿಲ್ಲ ಎಂಬುದು ಈ ಮಹಾನುಭಾವರಿಗೆಲ್ಲ ಗೊತ್ತು. ಆ ಬುದ್ಧಿ ಎತ್ತಿಗೆ ಮಾತ್ರ ಮೀಸಲು. ದುರುಗಪ್ಪ ಅವತ್ತು ಊಟವನ್ನೂ ಬಿಟ್ಟ, ಪಂಚರ ವಂಶವನ್ನು ಮೂರು ತಲೆಮಾರಿನವರೆಗೆ ಬೈದೂ ಬಿಟ್ಟ.

ದುರುಗಪ್ಪ ಅರ್ಧ ಬಡಗಿ, ಅರ್ಧ ರೇಡಿಯೋ ರಿಪೇರಿಯವನು. ಅರವತ್ನಾಲ್ಕು ವರ್ಷದ ಬದುಕಿನಲ್ಲಿ ಅವನು ಮಾಡಿದ್ದು ಹನ್ನೊಂದೇ ಜೋಡಿ ಸ್ಪೀಕರು. ಅಂಗಡಿಗೆ ಬಂದವರು "ಎಷ್ಟು ವ್ಯಾಟ್ ಐತ್ರೀ?" ಎಂದು ಕೇಳಿದರೆ, "ವ್ಯಾಟ್ ಬೇಕಾದ್ರೆ ಬೋರಿಗೆ ಮೋಟ್ರು ತಗೊಳ್ರಿ, ನೀರಾದ್ರೂ ಬರ್ತೈತೆ" ಎಂದು ಅಟ್ಟುತ್ತಿದ್ದ. ಹೀಗೆ ವ್ಯಾಪಾರ ಮಾಡಿದರೆ ಒಲೆ ಹತ್ತುವುದು ಹೇಗೆ? ಹೆಂಡತಿ ಪುಷ್ಪಾವತಿ ಊರಿಗೆಲ್ಲ ಹೇಳುತ್ತಿದ್ದಳು: "ಆ ಪೆಟ್ಟಿಗೆ ಸವರೋದ್ರಲ್ಲಿ ಅರ್ಧದಷ್ಟು ಅಡಿಗೆಮನೆ ಕಪಾಟು ಸವರಿದ್ರೆ ಅದಕ್ಕೊಂದು ಬಾಗ್ಲಾದ್ರೂ ಇರ್ತಿತ್ತು."

ಹನ್ನೊಂದರಲ್ಲಿ ಮುರುಗೇಶಪ್ಪನವರ ಜೋಡಿಯೇ ಬೇರೆ. ಉಬ್ರಾಣಿಯಲ್ಲಿ ಕೆಡವಿದ ಹಳೇ ಮನೆಯ ಹಲಸಿನ ಬಾಗಿಲನ್ನು ತಂದು, ಹಲಗೆಯನ್ನು ನಡುವೆ ಸೀಳಿ ಎರಡೂ ಪೆಟ್ಟಿಗೆಗೆ ಹಂಚಿದ್ದ. ಪಕ್ಕಪಕ್ಕ ಇಟ್ಟರೆ ಇದರ ಮರದ ಎಳೆ ಹೋಗಿ ಅದರ ಎಳೆಗೆ ಕೂಡಿಕೊಳ್ಳುತ್ತಿತ್ತು. ಒಂದೂ ಮೊಳೆಯಿಲ್ಲ, ಎಲ್ಲ ಮರದ ಗೂಟ. ಚೂಪು ಮೂಲೆಗೆ ತಗುಲಿದರೆ ದನಿ ಒಡೆಯುತ್ತದೆಂದು ಮುಂದಿನ ಅಂಚನ್ನೆಲ್ಲ ಗುಂಡಗೆ ಉಜ್ಜಿದ್ದ. ಪೆಟ್ಟಿಗೆಯೇ ಗುಂಯ್‌ಗುಡಬಾರದೆಂದು ಒಳಗೆ ಜಗಳೂರಿನ ಕಂಬಳಿ ಹೊದಿಸಿದ್ದ. ಕೆಳಗೆ ಕೈ ಹಿಡಿಸುವಷ್ಟು ಒಂದು ತೂತು. ಅದಕ್ಕೆ ಅವನಿಟ್ಟ ಹೆಸರು ಉಸಿರುಬಾಯಿ. ಹಿಂಬದಿಯಲ್ಲಿ ಉಳಿಯಿಂದ ಕೆತ್ತಿದ್ದು, ಒಂದರಲ್ಲಿ 'ಎಡ', ಇನ್ನೊಂದರಲ್ಲಿ 'ಬಲ'.

ನೋಡಲು ಬಂದ ಮುರುಗೇಶಪ್ಪನವರು ವ್ಯಾಟು ಕೇಳಲಿಲ್ಲ. ಮರದ ಮೇಲೆ ಅಂಗೈ ಆಡಿಸಿ, "ಇದರ ಎಳೆ ಅದರೊಳಗೆ ಮುಂದುವರೀತಲ್ಲೋ ದುರುಗಪ್ಪ!" ಎಂದರು. ಅಷ್ಟು ವರ್ಷಗಳಲ್ಲಿ ಅದನ್ನು ಕಂಡವರು ಅವರೊಬ್ಬರೇ. ದುರುಗಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಬಿತ್ತೆಂದು ಸುಳ್ಳು ಹೇಳಿದ್ದ. "ಜೋಡಿ ಒಡೆಯಬಾರ್ದು ಸಾವ್ಕಾರ್ರೆ" ಎಂದು ಮಾತು ತಗೊಂಡು ಕೊಟ್ಟ. ಆಮೇಲೆ ಅವರ ನಡುಮನೆಯಲ್ಲಿ ಎರಡು ಮೈಕು ದೂರದೂರ ಇಟ್ಟು, ಎಡಕ್ಕೆ ಅವರನ್ನೂ ಬಲಕ್ಕೆ ಹೆಂಡತಿ ಸರ್ವಮಂಗಳಮ್ಮನನ್ನೂ ಕೂರಿಸಿ ಆ ವಚನ ರೆಕಾರ್ಡ್ ಮಾಡಿದವನೂ ಅವನೇ. ಈಗ ಅಂಥದ್ದೇ ಇನ್ನೊಂದು ಜೋಡಿ ಮಾಡಲು ಆ ಬಾಗಿಲೂ ಇಲ್ಲ, ಆ ಕಣ್ಣಿದ್ದವರೂ ಇಲ್ಲ.

ಮರುದಿನವೇ ಬಸ್ಸು ಹತ್ತಿ ಹೊನ್ನಾಳಿಗೆ ಹೋದ. ಅದೇ ನಡುಮನೆಗೆ ಈಗ ಅಡ್ಡ ಗೋಡೆ ಎದ್ದಿತ್ತು. ಹಿರಿಯನ ಕಡೆ 'ಬಲ' ಫ್ರಿಜ್ಜಿನ ಮೇಲೆ ಕೂತು, ತಲೆಯ ಮೇಲೆ ಕ್ರೋಶಾ ಬಟ್ಟೆ ಹೊದ್ದು, ಪ್ಲಾಸ್ಟಿಕ್ ಹೂವು ಮುಡಿದಿತ್ತು. ಇಲಿ ನುಗ್ಗುತ್ತದೆಂದು ಸೊಸೆ ಶಾಂತಲಾ ಉಸಿರುಬಾಯಿಗೆ ಹಳೇ ಲಂಗ ತುರುಕಿದ್ದಳು. ಕಿರಿಯನ ಕಡೆ 'ಎಡ' ಅಡ್ಡಡ್ಡ ಮಲಗಿತ್ತು, ಉಸಿರುಬಾಯಿಯೊಳಗೆ ಬುಲೆಟ್ಟಿನ ಕೀಲಿ. ದುರುಗಪ್ಪನ ಮೈ ಉರಿದುಹೋಯಿತು.

ಹಿರಿಯನ ಕಡೆ ಒಳಗಿನಿಂದ ಸರ್ವಮಂಗಳಮ್ಮ ಬಂದರು. "ಬಾರೋ ದುರುಗಪ್ಪ, ನಿನ್ನ ಮಕ್ಕಳನ್ನ ನೋಡಾಕೆ ಬಂದ್ಯಾ? ನನ್ನವನ್ನೂ ನೋಡ್ಕೊಂಡು ಹೋಗು. ನನ್ನೂ ಪಾಲು ಹಾಕ್ಯಾರೆ. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ. ಸದ್ಯ, ಸೀಳಿಲ್ಲ."

"ಹಾಡು ಕೇಳ್ತೀರೇನ್ರೀ ಅಮ್ಮಾ?"

"ಅವ್ರು ಗೋಡೆಯಾಚೆ ಹಾಡ್ತಾರೆ, ನಾನು ಈಚೆ ನುಡಿಸ್ತೀನಿ. ಬದುಕಿದ್ದಾಗ್ಲೂ ಯಾರ್ದೋ ಮನೇಲಿ ಕೂತು ಹಾಡೋ ಚಾಳಿ ಅವ್ರಿಗೆ." ಆಕೆ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಎರಡನ್ನೂ ಒಂದೇ ಕಡೆ ಇಡಿ ಎಂದರೆ ಅಣ್ಣ ಒಪ್ಪಲಿಲ್ಲ, ತಮ್ಮ ಕೇಳಿಸಿಕೊಳ್ಳಲೇ ಇಲ್ಲ. "ಪಾಲು ಅಂದ್ರೆ ಪಾಲು ಮೇಸ್ತ್ರಿ. ಇವತ್ತು ಪೆಟ್ಟಿಗೆ ಬಿಟ್ರೆ ನಾಳೆ ತೋಟ ಕೇಳ್ತಾನೆ" ಎಂದ ಅಣ್ಣ. ತಮ್ಮನೂ ಅಕ್ಷರ ಬಿಡದೆ ಅದನ್ನೇ ಹೇಳಿದ. ಒಂದೇ ಹಲಗೆ ಸೀಳಿದ್ದು ತಾನೇ!

ನ್ಯಾಯ ಹೇಳಿ ಬಗ್ಗದ ಜನಕ್ಕೆ ಸುಳ್ಳೇ ಮದ್ದು. ದುರುಗಪ್ಪ ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಿ, ಮುಖ ಸಿಂಡರಿಸಿ, "ಒಳಗಿನ ಕಂಬಳಿಗೆ ಹುಳ ಬಿದ್ದೈತೆ. ಬಿಟ್ರೆ ಬೀರುವಿನ ರೇಷ್ಮೆ ಸೀರೆಗೆಲ್ಲ ಹತ್ತುತ್ತೆ" ಎಂದ. ಗೋಡೆಯ ಎರಡೂ ಕಡೆ ಇದೇ ಮಾತು. ಶಾಂತಲಾ ತಾನೇ ಪೆಟ್ಟಿಗೆಯನ್ನು ಬೀದಿಗೆ ತಂದಿಟ್ಟಳು. ಕಿರಿಸೊಸೆ ಸಂಧ್ಯಾರಾಣಿ ಲಗೇಜ್ ಆಟೋವನ್ನೇ ಕರೆಸಿದಳು.

"ಭಾನುವಾರ ಹತ್ತು ಗಂಟೆಗೆ ಬಂದು ತಗೊಂಡ್ಹೋಗ್ರಿ. ಅಮ್ಮಾರನ್ನ ಕರ್ಕೊಂಡ್ ಬರ್ಬೇಕು. ಸರಿಯಾಯ್ತೋ ಇಲ್ವೋ ಅಂತ ಹೇಳಾಕೆ ನುಡಿಸಿದೋರೇ ಬೇಕು" ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿ ಆಟೋ ಹತ್ತಿದ.

ಭಾನುವಾರ ಅಣ್ಣ ತಾಯಿಯನ್ನು ಕಾರಿನಲ್ಲಿ ಕರೆತಂದ, ತಮ್ಮ ಬುಲೆಟ್ಟಿನಲ್ಲಿ ಬಂದ. ಒಬ್ಬರನ್ನೊಬ್ಬರು ನೋಡಿ ಒಬ್ಬ ಸೂರು ನೋಡಿದ, ಇನ್ನೊಬ್ಬ ಚಪ್ಪಲಿ. ಅಂಗಡಿಯಲ್ಲಿ ಪೆಟ್ಟಿಗೆಗಳು ಎಂಟಡಿ ದೂರದಲ್ಲಿ ನಿಂತಿದ್ದವು, ಎಣ್ಣೆ ಕುಡಿದ ಹಲಸಿನ ಮರ ಹೊಳೆಯುತ್ತಿತ್ತು. ಎದುರಿಗೆ ಸೀಮೆಸುಣ್ಣದ ಗುರುತಿನ ಮೇಲೆ ಒಂದೇ ಒಂದು ಕುರ್ಚಿ. ತಾಯಿ ಕೂತರು. ಸರಿಯಾಗಿ ಕೇಳಬೇಕಾದರೆ ಅಲ್ಲೇ ಕೂರಬೇಕೆಂದು ದುರುಗಪ್ಪ ಗದರಿದ ಮೇಲೆ ಮಕ್ಕಳಿಬ್ಬರೂ ಕುರ್ಚಿಯ ಆಚೀಚೆ ನೆಲಕ್ಕೆ ಕುಕ್ಕರಿಸಿದರು.

ಹಾಡು ಶುರುವಾಯಿತು. ಎಡಕ್ಕೆ ಮುರುಗೇಶಪ್ಪ, ಬಲಕ್ಕೆ ಹಾರ್ಮೋನಿಯಂ, ನಡುವೆ ಗೋಡೆಯಿಲ್ಲದ ಆ ನಡುಮನೆ. ಹಾಡುವವರ ಶ್ರುತಿ ಎರಡು ಸಲ ಜಾರಿತು, ಹಾರ್ಮೋನಿಯಂ ಕಾದು ಕರೆದುಕೊಂಡು ಬಂತು. ಹಾಡು ಮುಗಿದ ಮೇಲೆ ಮುರುಗೇಶಪ್ಪ ಕೆಮ್ಮಿ ಎದ್ದರು. ಕೊನೆಯ ಸಾಲನ್ನು ಗುನುಗುತ್ತಾ ಎಡಗಡೆಯಿಂದ ನಡೆದರು. ಪೆಟ್ಟಿಗೆಯೇ ಇಲ್ಲದ ಖಾಲಿ ಜಾಗದಲ್ಲಿ ನಡೆದರು, ಮಕ್ಕಳ ಕಣ್ಣೆದುರೇ. ಸರ್ವಮಂಗಳಮ್ಮನ ಮುಖ ಅವರ ಜೊತೆಗೇ ತಿರುಗುತ್ತಾ ಹೋಯಿತು. ಮುರುಗೇಶಪ್ಪ ಬಲಕ್ಕೆ ಬಂದು ನಿಂತು ಕೇಳಿದರು:

"ಹೆಂಗಿತ್ತು ಮಂಗಳಾ?"

ರೆಕಾರ್ಡು ಅಲ್ಲಿಗೆ ಮುಗಿಯುತ್ತದೆ. ಅವತ್ತು ದುರುಗಪ್ಪ ಅಷ್ಟಕ್ಕೇ ಬಟನ್ ಒತ್ತಿಬಿಟ್ಟಿದ್ದ.

"ಎಮ್ಮೆ ಈದಂಗಿತ್ತು" ಎಂದರು ಸರ್ವಮಂಗಳಮ್ಮ, ಪೆಟ್ಟಿಗೆಯ ಕಡೆ ನೋಡುತ್ತಾ. ಹನ್ನೆರಡು ವರ್ಷದ ಹಿಂದೆಯೂ ಇದನ್ನೇ ಅಂದಿದ್ದರು, ಮುರುಗೇಶಪ್ಪ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ನಗಲು ಹೋಗಿ ಆಕೆ ಅತ್ತುಬಿಟ್ಟರು. ದುರುಗಪ್ಪನಿಗೂ ತಡೆಯಲಾಗಲಿಲ್ಲ. ಈ ಸಲ ಧೂಳಿನ ನೆಪ ಹೇಳಲಿಲ್ಲ.

ಸೆರಗಿನಿಂದ ಮೂಗು ಒರೆಸಿಕೊಂಡು ಆಕೆ ಮಕ್ಕಳ ಕಡೆ ತಿರುಗಿದರು. "ತೋಟ ಹಂಚ್ಕೊಂಡ್ರಿ, ಮನೆ ಹಂಚ್ಕೊಂಡ್ರಿ, ನನ್ನೂ ಹಂಚ್ಕೊಂಡ್ರಿ. ನನ್ನ ಪಾಲು ಏನು ಅಂತ ಒಬ್ನಾದ್ರೂ ಕೇಳಿದ್ನಾ? ಇವೆರಡೂ ನನ್ನ ಪಾಲು. ನಾನಿದ್ದಲ್ಲಿ ಇರ್ತಾವೆ."

"ಹಂಗಾದ್ರೆ ನಾನು ಆರು ತಿಂಗಳು ಅಪ್ಪಾಜಿ ಹಾಡು ಕೇಳಂಗಿಲ್ವಾ?" ಸತೀಶ ಸಣ್ಣ ಹುಡುಗನಂತೆ ಕೇಳಿದ.

"ಅಣ್ಣನ ಮನೆಗೆ ಬಾ. ಗೋಡೆ ಕಟ್ಸಿದೋರು ಬೀದಿಬಾಗ್ಲು ಮುಚ್ಚಿಲ್ಲವಲ್ಲ."

ಗುರುಬಸವರಾಜ್ ಈ ಸಲ ಸೂರನ್ನೂ ಚಪ್ಪಲಿಯನ್ನೂ ಬಿಟ್ಟು ತಮ್ಮನ ಮುಖ ನೋಡಿದ.

"ಇನ್ನೊಂದ್ಸಲ ಹಾಕೋ ದುರುಗಪ್ಪ" ಎಂದು ಸರ್ವಮಂಗಳಮ್ಮ ಕುರ್ಚಿಯಲ್ಲಿ ನೆಟ್ಟಗಾದರು. "ನಿನ್ನ ಸಾವ್ಕಾರ್ರು ಮತ್ತೆ ಆ ಕಡೆ ಹೋಗಿ ಕೂತ್ಕೊಳ್ಳಲಿ."